ಸಮುದಾಯದ ಕುರ್ಚಿಯಲ್ಲಿ ಹೆಣ್ಣಿನ ಪಾಲು

ನಮ್ಮಲ್ಲಿ ವರದಕ್ಷಿಣೆ ಇಲ್ಲ, ಸೊಸೆಯಂದಿರನ್ನು ಸುಡುವುದಿಲ್ಲ, ಹೀಗಿರುವಾಗ ನಮ್ಮ ಹೆಂಗಸರಿಗೆ ಮೀಸಲಾತಿ ಯಾಕೆ? ನಾಗಾಲ್ಯಾಂಡಿನಲ್ಲಿ ಮೀಸಲಾತಿಯನ್ನು ವಿರೋಧಿಸಿದ ಗಂಡಸರು ವರ್ಷಗಟ್ಟಲೆ ಮುಂದಿಟ್ಟ ವಾದವಿದು. ವರದಕ್ಷಿಣೆಯ ಪಿಡುಗಿನ ವಿರುದ್ಧ ಹೋರಾಡುತ್ತಿರುವ ನಮ್ಮಂಥವರು ಇದನ್ನು ಗಮನವಿಟ್ಟು ನೋಡಬೇಕು. ಹೆಣ್ಣನ್ನು ಸುಡದಿರುವುದೇ ಆಕೆಗೆ ಕೊಟ್ಟ ಹಕ್ಕು ಹೇಗಾದೀತು? ನಾಗಾ ಸಂಪ್ರದಾಯದಲ್ಲಿ ಪಿತ್ರಾರ್ಜಿತ ಭೂಮಿ ಗಂಡುಮಕ್ಕಳಿಗೆ. ಊರಿನ ವ್ಯಾಜ್ಯ ತೀರ್ಮಾನಿಸುವ ಪರಿಷತ್ತಿನಲ್ಲಿ ಪರಂಪರೆಯಿಂದಲೂ ಕೂತವರು ಗಂಡಸರೇ. ಗಂಡನ ಹೊಡೆತ ತಾಳಲಾರದೆ ಬಂದವಳ ಮಾತನ್ನು ತೂಗುವವರೂ ಅವರೇ ತಾನೆ?

ನಾಗಾ ಜನರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 543 ಸದಸ್ಯರ ಲೋಕಸಭೆಯಲ್ಲಿ ನಾಗಾಲ್ಯಾಂಡಿಗಿರುವುದು ಒಂದೇ ಸ್ಥಾನ. 1958ರ ವಿಶೇಷಾಧಿಕಾರ ಕಾಯ್ದೆಯಡಿ ಸೇನೆಯ ಬೂಟಿನ ಸದ್ದಿನಲ್ಲಿ ಬೆಳೆದ ತಲೆಮಾರುಗಳು ಅಲ್ಲಿವೆ. 1963ರಲ್ಲಿ ರಾಜ್ಯ ರಚನೆಯಾದಾಗ ಅದರ ಜೊತೆಗೇ ಸಂವಿಧಾನದ 371ಎ ವಿಧಿ ಬಂತು. ಧಾರ್ಮಿಕ ಮತ್ತು ಸಾಮಾಜಿಕ ಆಚರಣೆ, ಸಾಂಪ್ರದಾಯಿಕ ಕಾನೂನು, ಭೂಮಿಯ ಒಡೆತನ ಮುಂತಾದ ವಿಷಯಗಳಲ್ಲಿ ಸಂಸತ್ತಿನ ಕಾಯ್ದೆ ರಾಜ್ಯ ವಿಧಾನಸಭೆ ಒಪ್ಪದೆ ಅಲ್ಲಿ ಅನ್ವಯಿಸದು. ಸಣ್ಣ ಸಮುದಾಯವೊಂದು ದೊಡ್ಡ ದೇಶದೊಳಗೆ ಕರಗಿಹೋಗದಂತೆ ಕಟ್ಟಿಕೊಂಡ ಬೇಲಿ ಅದು, ಇರಲೇಬೇಕು.

ಆದರೆ ಆ ಬೇಲಿಯನ್ನು ಹೆಣ್ಣಿಗೆ ಅಡ್ಡಲಾಗಿ ನಿಲ್ಲಿಸಿದ್ದನ್ನು ಒಪ್ಪಲಾಗದು. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ನಗರಾಡಳಿತದಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಿತು. 2006ರಲ್ಲಿ ನಾಗಾಲ್ಯಾಂಡ್ ತನ್ನ ಕಾಯ್ದೆಯಲ್ಲೂ ಇದನ್ನು ಸೇರಿಸಿಕೊಂಡಿತು, ಚುನಾವಣೆ ಮಾತ್ರ ನಡೆಸಲಿಲ್ಲ. 1984ರಲ್ಲಿ ಹುಟ್ಟಿದ ನಾಗಾ ತಾಯಂದಿರ ಸಂಘ, ರಕ್ತ ಹರಿಸಬೇಡಿ ಎಂದು ಬಂದೂಕು ಹಿಡಿದವರನ್ನೆಲ್ಲ ಬೇಡಿಕೊಂಡಾಗ ಗಂಡಸರು ಕೈಮುಗಿದರು. ಅದೇ ಚಳುವಳಿಯ ಹೆಂಗಸರು ಮೀಸಲಾತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಅವರು ಸಂಪ್ರದಾಯ ವಿರೋಧಿಗಳಾದರು. 2017ರ ಆರಂಭದಲ್ಲಿ ಚುನಾವಣೆ ಘೋಷಣೆಯಾದಾಗ ನಾಮಪತ್ರ ಸಲ್ಲಿಸಿದವರಿಗೆ ಬಹಿಷ್ಕಾರದ ಬೆದರಿಕೆ ಬಂತು. ದಿಮಾಪುರದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವಕರು ಬಲಿಯಾದರು, ಕೊಹಿಮಾದಲ್ಲಿ ಸರ್ಕಾರಿ ಕಟ್ಟಡಗಳು ಉರಿದವು, ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು.

ಚರಂಡಿ, ಕಸ, ಕುಡಿಯುವ ನೀರು ನೋಡಿಕೊಳ್ಳುವ ಪುರಸಭೆ ಯಾವ ನಾಗಾ ಹಿರಿಯರ ಕಾಲದ ಸಂಪ್ರದಾಯ? ವಿಧಾನಸಭೆಯೂ ಸಂಪ್ರದಾಯವಲ್ಲ, ಲೋಕಸಭೆಯೂ ಅಲ್ಲ. ಅಲ್ಲಿಗೆ ಗಂಡಸರು ಯಾವ ಅಳುಕೂ ಇಲ್ಲದೆ ಹೋದರು. ಹೆಂಗಸು ಪುರಸಭೆಯ ಬಾಗಿಲಿಗೆ ಬಂದ ಕೂಡಲೇ ಸಂಪ್ರದಾಯದ ನೆನಪಾಯಿತು! 1977ರಲ್ಲಿ ರಾನೋ ಶಾಯ್ಜಾ ಅವರನ್ನು ಲೋಕಸಭೆಗೆ ಆರಿಸಿ ಕಳಿಸಿದ ರಾಜ್ಯದ 60 ಸ್ಥಾನಗಳ ವಿಧಾನಸಭೆಗೆ ಮೊದಲ ಇಬ್ಬರು ಮಹಿಳೆಯರು, ಹೆಕಾನಿ ಜಖಾಲು ಮತ್ತು ಸಲ್ಹೌತುಓನುಓ ಕ್ರೂಸೆ, ಆಯ್ಕೆಯಾದದ್ದು 2023ರಲ್ಲಿ. ರಾಜ್ಯ ಹುಟ್ಟಿ ಆಗ ಅರುವತ್ತು ವರ್ಷ!

ಅದೇ ವರ್ಷ ವಿಧಾನಸಭೆ ಪುರಸಭಾ ಕಾಯ್ದೆಯನ್ನೇ ರದ್ದುಮಾಡಿತು. ಸುಪ್ರೀಂ ಕೋರ್ಟು ತಡೆಯಿತು. ನವೆಂಬರಿನಲ್ಲಿ ಬಂದ ಹೊಸ ಕಾಯ್ದೆ ಮೂರನೇ ಒಂದು ಭಾಗದ ಮೀಸಲಾತಿಯನ್ನು ಉಳಿಸಿತು, ಅಧ್ಯಕ್ಷ ಸ್ಥಾನದ ಮೀಸಲಾತಿಯನ್ನು ಕೈಬಿಟ್ಟಿತು. 2024ರ ಜೂನ್ 26ರಂದು, ಎರಡು ದಶಕಗಳ ನಂತರ ನಡೆದ ಚುನಾವಣೆಯಲ್ಲಿ ಹೆಂಗಸರು ಮೀಸಲು ಸ್ಥಾನಗಳಿಂದ ಗೆದ್ದು ಒಳಗೆ ಹೋದರು. ಸದಸ್ಯೆಯಾಗು, ಯಜಮಾನಿಯಾಗಬೇಡ ಎಂಬ ಈ ರಾಜಿ ನಮಗೆ ಹೊಸದೇ? ಮನೆಮನೆಯಲ್ಲೂ ಕಂಡದ್ದೇ ಅಲ್ಲವೇ?

ಇದನ್ನೆಲ್ಲ ಹೇಳುವಾಗ ನಾಗಾ ಸಮಾಜಕ್ಕೆ ಬುದ್ಧಿ ಹೇಳುವ ಅಧಿಕಾರ ನಮಗಿದೆಯೆಂದು ನಾನು ತಿಳಿದಿಲ್ಲ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಶೇಕಡಾ 25 ಸ್ಥಾನ ಮಹಿಳೆಯರಿಗೆ ಸಿಕ್ಕಾಗ, ಗಂಡನ ಕೈಗೊಂಬೆಗಳು ಎಂದು ನಕ್ಕವರು ನಮ್ಮವರೇ. ಹೆಣ್ಣಿನ ಹೆಸರು ಹೇಳಿ ಅಲ್ಪಸಂಖ್ಯಾತ ಸಮುದಾಯದ ಮೇಲೆ ಎರಗುವ ರಾಜಕಾರಣವೂ ನಮಗೆ ಗೊತ್ತು. ಸಮುದಾಯದ ಹೆಸರು ಹೇಳಿ ಹೆಣ್ಣಿನ ಬಾಯಿ ಮುಚ್ಚಿಸುವ ರಾಜಕಾರಣವೂ ಗೊತ್ತು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ, ಎರಡೂ ಬೇಡ ಎನ್ನುವ ಧೈರ್ಯ ನಮಗಿರಬೇಕು. 371ಎ ವಿಧಿಯೂ ಇರಲಿ, ಪುರಸಭೆಯಲ್ಲಿ ನಾಗಾ ಹೆಣ್ಣೂ ಇರಲಿ. ಅವಳೂ ನಾಗಾ ಅಲ್ಲವೇ?

2023ರ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲೂ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಬರೆದಿಟ್ಟಿತು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ ಪಾಲಿದೆ. ಹಿಂದುಳಿದ ವರ್ಗಗಳ, ಧಾರ್ಮಿಕ ಅಲ್ಪಸಂಖ್ಯಾತರ ಮಹಿಳೆಯರಿಗೆ ಪ್ರತ್ಯೇಕ ಪಾಲನ್ನು ಅದು ಇಡಲಿಲ್ಲ. ಸಮುದಾಯದೊಳಗೆ ಹೆಣ್ಣಿಗೆ ಪಾಲು ಕೇಳುವ ನಾವು, ಹೆಣ್ಣುಗಳೊಳಗೆ ಸಣ್ಣ ಸಮುದಾಯದವಳಿಗೂ ಪಾಲು ಕೇಳಬೇಕು. ಇಲ್ಲವಾದರೆ ನಾಗಾ ಗಂಡಸರಿಗೆ ನಾವು ಕೇಳಿದ ಪ್ರಶ್ನೆಯನ್ನು ನಾಳೆ ನಮ್ಮ ಸೋದರಿಯರೇ ನಮಗೆ ಕೇಳಿಯಾರು.