ಹಾದಿ ಮುಚ್ಚಿದರೆ ನೂಲು ಹರಿಯುತ್ತದೆ

ಘಟಪ್ರಭೆ, ಹಿರಣ್ಯಕೇಶಿಗಳು ಸಹ್ಯಾದ್ರಿಯಲ್ಲಿ ಹುಟ್ಟಿ ಹುಕ್ಕೇರಿ, ಗೋಕಾಕ, ಮೂಡಲಗಿಗಳ ಬಯಲಿಗೆ ಇಳಿಯುವ ಹೊತ್ತಿಗೆ ಮಳೆಯ ಲೆಕ್ಕವೇ ಬದಲಾಗಿರುತ್ತದೆ. ಹಿರಣ್ಯಕೇಶಿಯ ಉಗಮಸ್ಥಾನವಾದ ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸಿನಲ್ಲಿ ಸುರಿಯುವ ಮಳೆ ಗೋಕಾಕದಲ್ಲಿ ಅದರ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಮಲೆಯನ್ನೂ ಬಯಲನ್ನೂ ನದಿಗಳಲ್ಲದೆ ಇನ್ನೊಂದು ವಸ್ತುವೂ ಬೆಸೆದಿತ್ತು. ಅದು ಕರಿಯ ಕಂಬಳಿ. ಬಯಲುಸೀಮೆಯ ಕುರುಬರು ನೇಯ್ದ ಕಂಬಳಿಯನ್ನು ಮಲೆನಾಡಿನ ರೈತರು ಕೊಪ್ಪೆಯಾಗಿ ಹೊದ್ದು ಜಡಿಮಳೆಯಲ್ಲಿ ಗದ್ದೆ ನಟ್ಟಿ ಮಾಡುತ್ತಿದ್ದರು. ಇಂದು ಆ ಜಾಗವನ್ನು ಪ್ಲಾಸ್ಟಿಕ್ ಹಾಳೆ ಆಕ್ರಮಿಸಿದೆ. ಕಂಬಳಿ ಹಿಂದೆ ಸರಿದುದಕ್ಕೆ ಅಗ್ಗದ ಪ್ಲಾಸ್ಟಿಕ್ಕೊಂದೇ ಕಾರಣವಲ್ಲ. ಉಣ್ಣೆ ಹುಟ್ಟುವ ಹಾದಿಯೇ ಮುಚ್ಚುತ್ತಿದೆ.

ದಕ್ಕನಿ ತಳಿಯ ಕುರಿ ನಡೆದಾಡಿ ಬದುಕುವ ಪ್ರಾಣಿ. ಮಲೆಯಂಚಿನ ಜಡಿಮಳೆಯಲ್ಲಿ ಅದರ ಗೊರಸು ಕೊಳೆಯುತ್ತದೆ. ಬಿರುಬೇಸಗೆಯಲ್ಲಿ ಒಂದೇ ಊರಿನ ಹುಲ್ಲು ಮಂದೆಗೆ ಸಾಲದು. ಆದ್ದರಿಂದ ಕುರುಬರು ಋತುಮಾನವನ್ನು ಅನುಸರಿಸಿ ಊರೂರು ಸುತ್ತುತ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ಗೊಬ್ಬರ ಕೊಡುತ್ತಾರೆ, ಪ್ರತಿಯಾಗಿ ಕಾಳನ್ನೋ ಹಣವನ್ನೋ ಪಡೆಯುತ್ತಾರೆ. ಹೀಗೆ ಮಂದೆಯ ಹಿಂದೆ ನಡೆಯುತ್ತಲೇ ಕದಿರು ತಿರುಗಿಸಿ ಉಣ್ಣೆಯನ್ನು ನೂಲಾಗಿಸುವುದು ಅವರ ರೂಢಿ. ಕಣ್ಣು ಕುರಿಯ ಮೇಲೆ, ಕಾಲು ಹಾದಿಯ ಮೇಲೆ, ಕೈ ನೂಲಿನ ಮೇಲೆ. ಮನೆಯಲ್ಲಿ ಹೆಂಗಸರು ರಾಟಿಯಲ್ಲಿ ನೂತದ್ದೂ ಅದರೊಡನೆ ಸೇರಿ, ಹುಣಸೆಬೀಜದ ಗಂಜಿ ಉಂಡು, ಕುಣಿಮಗ್ಗಕ್ಕೆ ಏರಿ ಕಂಬಳಿಯಾಗುತ್ತದೆ. ಬಣ್ಣ ಕುರಿಯ ಮೈಯದೇ. ಗೋಕಾಕದ ಜಲಪಾತದ ಬಳಿ 1880ರ ದಶಕದಲ್ಲಿ ಹತ್ತಿಯ ಗಿರಣಿ ತಲೆಯೆತ್ತಿದ ಮೇಲೂ ಈ ಕೈನೂಲು ನಿಂತಿರಲಿಲ್ಲ. ಅದಕ್ಕೆ ಧುಮುಕುವ ನೀರಿನ ಬಲ ಬೇಕಿರಲಿಲ್ಲ, ನಡೆಯಲು ದಾರಿ ಇದ್ದರೆ ಸಾಕಿತ್ತು.

ನಡಿಗೆಯೊಡನೆ ಉಣ್ಣೆಯ ಕೆಲಸ ಬೆಳೆದದ್ದು ಇಲ್ಲಿ ಮಾತ್ರವಲ್ಲ. ಶೆಟ್ಲೆಂಡ್ ದ್ವೀಪಗಳ ಹೆಂಗಸರು ಬೆನ್ನಿನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಉಣ್ಣೆಯ ಉಡುಪು ಹೆಣೆಯುತ್ತಿದ್ದರು. ಫ್ರಾನ್ಸಿನ ಲಾಂದ್ ಪ್ರದೇಶದ ಕುರಿಗಾಹಿಗಳು ಜೌಗುನೆಲದಲ್ಲಿ ಮರಗಾಲು ಕಟ್ಟಿಕೊಂಡು, ಮಂದೆ ಕಾಯುತ್ತ ಕಡ್ಡಿಗಳಲ್ಲಿ ಹೆಣಿಗೆ ಹಾಕುತ್ತಿದ್ದರು. 1857ರಲ್ಲಿ ಅಲ್ಲಿಯ ಸರಕಾರ ಒಂದು ಕಾನೂನು ತಂದು, ಊರೊಟ್ಟಿನ ಹುಲ್ಲುಗಾವಲುಗಳ ನೀರು ಬಸಿದು ಪೈನ್ ಮರ ನೆಡುವಂತೆ ಮಾಡಿತು. ಮೇವಿನ ನೆಲ ನೆಡುತೋಪಾಯಿತು, ಮಂದೆಗಳು ಕರಗಿದವು, ಮರಗಾಲೂ ಹೆಣಿಗೆಯೂ ಉತ್ಸವದ ಪ್ರದರ್ಶನವಾಗಿ ಉಳಿದವು. ಆ ಕಸುಬನ್ನು ಯಾರೂ ನಿಷೇಧಿಸಿರಲಿಲ್ಲ. ಅದರ ಕಾಲ ಕೆಳಗಿನ ನೆಲವನ್ನು ತೆಗೆದರು, ಅಷ್ಟೆ. ಹುಲ್ಲುಗಾವಲನ್ನು 'ಪಾಳು ಭೂಮಿ' ಎಂದು ಕರೆದು ಅಕೇಶಿಯಾ, ನೀಲಗಿರಿ ನೆಟ್ಟುದನ್ನು ಕಂಡ ಮಲೆನಾಡಿಗೆ ಈ ಕಥೆ ಅಪರಿಚಿತವಲ್ಲ.

ಘಟಪ್ರಭೆಯ ಬಯಲಿನಲ್ಲಿ ಅದೇ ಕಥೆ ಬೇರೆ ರೂಪದಲ್ಲಿ ನಡೆದಿದೆ. 19ನೆಯ ಶತಮಾನದ ಕೊನೆಯಲ್ಲಿ ಧೂಪದಾಳದ ಒಡ್ಡು, 1970ರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಬಂದವು. ಕಾಲುವೆ ನೀರು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ವರ್ಷವಿಡೀ ನಿಲ್ಲುವ ಕಬ್ಬಿನಲ್ಲಿ ಮಂದೆಗೆ ಕೂಳೆಯೂ ಇಲ್ಲ, ನಡುವೆ ಹಾಯುವ ದಾರಿಯೂ ಇಲ್ಲ. ಗಾಯರಾಣಗಳು ಒತ್ತುವರಿಗೂ ಬಗೆಬಗೆಯ ಯೋಜನೆಗಳಿಗೂ ಬಲಿಯಾಗುತ್ತಿವೆ. ಇನ್ನೊಂದೆಡೆ ಮಾಂಸದ ಬೆಲೆ ಏರಿದಂತೆ ಉಣ್ಣೆಯಿಲ್ಲದ ಮಾಡಗ್ಯಾಳ, ಯಳಗ ತಳಿಗಳು ದಕ್ಕನಿಯ ಸ್ಥಾನಕ್ಕೆ ಬರುತ್ತಿವೆ. ದಕ್ಕನಿ ಕುರಿಯೊಂದು ವರ್ಷಕ್ಕೆ ಕೊಡುವ ಉಣ್ಣೆ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಕತ್ತರಿಸುವ ಕೂಲಿಯೂ ಹುಟ್ಟದೆಂದು ಅನೇಕ ಕಡೆ ಉಣ್ಣೆಯನ್ನು ಹಾದಿಬದಿಯಲ್ಲೇ ಬಿಟ್ಟುಹೋಗುತ್ತಾರೆ.

ಈ ಉಣ್ಣೆ ನಿಜಕ್ಕೂ ನಿರುಪಯುಕ್ತವೇ? 30 ಮೈಕ್ರಾನಿಗಿಂತ ದಪ್ಪನೆಯ ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ. ದಕ್ಕನಿ ಉಣ್ಣೆಯ ಎಳೆ ಅದಕ್ಕಿಂತ ಬಹಳ ಒರಟು. ಜಡೆಯಂತೆ ಎಳೆದಾಟಿಸಿ ಹೆಣೆಯುವ ಸ್ವೆಟರಿಗೆ ಹಿಗ್ಗಿ ಕುಗ್ಗುವ ಮೃದುನೂಲು ಬೇಕು. ಈ ನೂಲಿನ ನವಿರುಗಳಲ್ಲಿ ಜಡೆಯ ಗೆರೆ ಮಸುಕಾಗುತ್ತದೆ. ಮೈಗಂಟಿ ತೊಡುವ ಬಟ್ಟೆಗೆ ಇದು ಒಗ್ಗದೆಂಬುದು ಸತ್ಯ. ಆದರೆ ಅಂಗಿಯ ಮೇಲೆ ತೊಡುವ ದಪ್ಪ ಕೋಟಿಗೆ, ಹಾಸಿಗೆ, ಹೊದಿಕೆಗೆ ಈ ಒರಟುತನವೇ ಬಾಳಿಕೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಕಂಬಳಿಕೊಪ್ಪೆಯೊಳಗಿನ ಬೆಚ್ಚನೆಯ ಗುಟ್ಟು ಇದು. ಪೇಟೆಯ ಅಕ್ರಿಲಿಕ್ ಸ್ವೆಟರ್ ಪೆಟ್ರೋಲಿಯಂನಿಂದ ಹುಟ್ಟಿದ್ದು. ಪ್ರತಿ ಒಗೆತದಲ್ಲೂ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳನ್ನು ಹಳ್ಳಕ್ಕೆ ಸೇರಿಸುತ್ತದೆ. ಹರಿದ ಕಂಬಳಿಯಾದರೋ ಮಣ್ಣಿನಲ್ಲಿ ಕರಗುತ್ತದೆ. ಉಣ್ಣೆಯ ಪ್ರೋಟೀನಿನಲ್ಲಿ ಸುಮಾರು ಶೇ. 16ರಷ್ಟು ಸಾರಜನಕವಿದ್ದು, ಅದು ನಿಧಾನವಾಗಿ ಬಿಡುಗಡೆಯಾಗುತ್ತದೆ. ನೂಲಿಗೆ ಬಾರದ ಉಣ್ಣೆಯನ್ನು ಮೆಣಸಿನ ಬಳ್ಳಿಯ, ಅಡಿಕೆ ಸಸಿಯ ಬುಡಕ್ಕೆ ಹೊದಿಸಿ, ಪಕ್ಕದ ಸಾಲನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡುವ ಪ್ರಯೋಗ ಯಾವ ಶಾಲೆಯ ವಿದ್ಯಾರ್ಥಿಗಳಿಗೂ ಸಾಧ್ಯ.

ಆದರೆ ಕೊಳ್ಳುವವರು ಹೆಚ್ಚಿದ ಮಾತ್ರಕ್ಕೆ ಕುರಿ ನಡೆಯಲಾರದು. ಕಂಬಳಿಯನ್ನು 'ನಶಿಸುತ್ತಿರುವ ಕಲೆ' ಎಂದು ಸನ್ಮಾನಿಸುವ ಸಭೆಗಳು, ಕುರಿಗಾಹಿಯನ್ನು ಅರಣ್ಯದ ಅಂಚಿನಲ್ಲಿ ಅಪರಾಧಿಯಂತೆ ತಡೆಯುವುದನ್ನು ಕುರಿತು ಮೌನವಾಗಿರುವುದು ವಿಪರ್ಯಾಸ. 2006ರ ಅರಣ್ಯ ಹಕ್ಕು ಕಾಯ್ದೆಯ 3ನೆಯ ಕಲಮು, ಸಂಚಾರಿ ಪಶುಪಾಲಕರ ಋತುಮಾನದ ಮೇವಿನ ಬಳಕೆಯನ್ನು ಸಮುದಾಯದ ಹಕ್ಕುಗಳಲ್ಲಿ ಎಣಿಸಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷಗಳ ಅವಲಂಬನೆಯನ್ನು ಸಾಬೀತುಪಡಿಸಬೇಕು. ನೆಲೆ ನಿಂತವನಿಗೇ ಕಷ್ಟವಾದ ಈ ದಾಖಲೆಯನ್ನು ನಡೆಯುತ್ತಲೇ ಇರುವವನು ಎಲ್ಲಿಂದ ತಂದಾನು? ಮಂದೆ ಹಾಯುವ ಹಳ್ಳಿಗಳ ಹಿರಿಯರ ನೆನಪೂ ಹೊಲದೊಡೆಯರ ಸಾಕ್ಷಿಯೂ ಇಲ್ಲಿ ನೆರವಾಗಬಲ್ಲವು.

ಎಲ್ಲ ಮೇಯುವಿಕೆಯೂ ಕಾಡಿಗೆ ಹಿತವೆಂದು ಇದರರ್ಥವಲ್ಲ. ಎಳೆಯ ಸಸಿಗಳಿರುವಲ್ಲಿ ಮಂದೆ ಬಿಡಬಾರದು. ಎಲ್ಲಿ, ಯಾವ ತಿಂಗಳು, ಎಷ್ಟು ಕುರಿ ಎಂಬುದು ಊರವರೂ ಕುರಿಗಾಹಿಗಳೂ ಕೂಡಿ ಕುಳಿತು ತೀರ್ಮಾನಿಸಬೇಕಾದ ಸಂಗತಿ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು 2022ರಲ್ಲೇ ಘೋಷಿಸಿತು. ಘೋಷಣೆಯ ಅರ್ಥ ಗ್ರಾಮಸಭೆಯಲ್ಲಿ ತೀರ್ಮಾನವಾಗುತ್ತದೆ. ತಮ್ಮೂರಿನ ಗೋಮಾಳದ ಸರ್ವೆ ನಂಬರುಗಳಾವುವು, ಅದರಲ್ಲಿ ಈಗ ಉಳಿದಿರುವುದೆಷ್ಟು, ಕುರಿ ಹಾಯುತ್ತಿದ್ದ ದಾರಿ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಮುಂದಿನ ಸಭೆಯಲ್ಲಿ ಯಾರಾದರೂ ಎದ್ದುನಿಂತು ಕೇಳಲಿ. ಉತ್ತರ ನಡವಳಿಯ ಪುಸ್ತಕದಲ್ಲಿ ದಾಖಲಾಗಲಿ.