ಯಶೋಧರನು ಹೇಳದೆ ಉಳಿಸಿದ ಮಾತು

ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209) ಕನ್ನಡ ತರಗತಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಪಾಠವಾಗುತ್ತ ಬಂದಿದೆ. ಒಂದು, ಸಂಕಲ್ಪಹಿಂಸೆಯ ದೃಷ್ಟಾಂತವಾಗಿ: ಹಿಟ್ಟಿನ ಕೋಳಿಯನ್ನು ಕಡಿದವನಿಗೂ ಭವಾವಳಿ ತಪ್ಪಲಿಲ್ಲ ಎಂಬ ನೀತಿಯಾಗಿ. ಇನ್ನೊಂದು, ಅಮೃತಮತಿಯ ಮನೋವ್ಯಾಪಾರದ ಚಿತ್ರಣವಾಗಿ: ಅರಸನ ಮಡದಿ ಕುರೂಪಿಯಾದ ಅಷ್ಟಾವಂಕನಿಗೆ ಸೋತ ವಿಲಕ್ಷಣ ಪ್ರೇಮದ ಕಥೆಯಾಗಿ. ಎರಡೂ ಓದುಗಳಿಗೆ ಕಾವ್ಯದಲ್ಲಿ ಗಟ್ಟಿಯಾದ ಆಧಾರವಿದೆ. ಆದರೆ ಈ ಎರಡು ಘಟನೆಗಳನ್ನು ಬೆಸೆಯುವ ಕೊಂಡಿಯೊಂದು ಸಾಕಷ್ಟು ಗಮನ ಪಡೆದಿಲ್ಲ. ಅದು ಯಶೋಧರನು ತಾಯಿ ಚಂದ್ರಮತಿಯ ಮುಂದೆ ಕಟ್ಟಿ ಹೇಳಿದ ಕನಸು. ಈ ಕನಸನ್ನು ಬಿಟ್ಟು ಓದಿದರೆ ಕಾವ್ಯವು ವ್ಯಭಿಚಾರದ ಕಥೆ ಮತ್ತು ಬಲಿಯ ಕಥೆ ಎಂದು ಎರಡು ತುಂಡಾಗುತ್ತದೆ. ಕನಸನ್ನು ಹಿಡಿದು ಓದಿದರೆ, ಮನುಷ್ಯನು ತನ್ನ ಭಾವವನ್ನು ತಾನೇ ಒಪ್ಪಿಕೊಳ್ಳದೆ ಹೋದಾಗ ಏನಾಗುತ್ತದೆ ಎಂಬ ಒಂದೇ ಕಥೆಯಾಗಿ ನಿಲ್ಲುತ್ತದೆ.

ಘಟನೆಗಳ ಕ್ರಮವನ್ನು ನೆನಪಿಸಿಕೊಳ್ಳಬೇಕು. ಇರುಳಿನಲ್ಲಿ ಆನೆಯ ಮಾವುತನ ಹಾಡು ಕೇಳಿ ಅಮೃತಮತಿ ಮನಸೋಲುತ್ತಾಳೆ. ಅವನ ರೂಪ ಎಂಥದೆಂದು ಕಂಡು ಬಂದ ಕೆಳದಿ ಹೇಸಿ ಹೇಳಿದರೂ ಅವಳ ಮನಸ್ಸು ತಿರುಗುವುದಿಲ್ಲ. ಒಂದು ಇರುಳು ಯಶೋಧರನು ಅವಳ ಬೆನ್ನಹಿಂದೆಯೇ ಹೋಗಿ ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತುತ್ತಾನೆ, ತನ್ನನ್ನು ತಾನೇ ತಡೆದುಕೊಂಡು ಹಿಂದಿರುಗುತ್ತಾನೆ. ಇಲ್ಲಿಯವರೆಗೆ ಅವನ ನಡತೆ ಸಂಯಮದ ನಡತೆಯೇ. ಅನಂತರ ವಿನೋದದ ನೆವದಲ್ಲಿ ನೈದಿಲೆಯಿಂದ ಅವಳನ್ನು ಹೊಡೆಯುತ್ತಾನೆ. ಹೂವಿನ ಪೆಟ್ಟಿಗೆ ಆಕೆ ಮೂರ್ಛೆ ಹೋದಾಗ ಇಮ್ಮಡಿ ಅರ್ಥದ ಮಾತಾಡುತ್ತಾನೆ. ಕತ್ತಿಯಿಂದ ಇಳಿದ ಕೋಪವು ಹೂವಿನಲ್ಲಿ, ವ್ಯಂಗ್ಯದಲ್ಲಿ ಸೋರತೊಡಗಿತು. ಆಮೇಲೆ ತಾಯಿಯ ಬಳಿಗೆ ಹೋಗುತ್ತಾನೆ. ಮಗನ ಮೋರೆ ಬಾಡಿದುದನ್ನು ಕಂಡು ತಾಯಿ ಕಾರಣ ಕೇಳುತ್ತಾಳೆ. ಕಂಡದ್ದನ್ನು ಹೇಳಲಾರದೆ ಅವನು ಕೆಟ್ಟ ಕನಸು ಕಂಡೆನೆನ್ನುತ್ತಾನೆ.

ತಾಯಿ ಕನಸನ್ನು ನಂಬುತ್ತಾಳೆ. ದುಃಸ್ವಪ್ನಕ್ಕೆ ಶಾಂತಿಯಾಗಬೇಕು, ದೇವಿಗೆ ಬಲಿ ಕೊಡಬೇಕು ಎನ್ನುತ್ತಾಳೆ. ಮಗನು ಜೀವಬಲಿಗೆ ಒಪ್ಪುವುದಿಲ್ಲ. ಆಗ ಹಿಟ್ಟಿನ ಕೋಳಿಯ ಒಡಂಬಡಿಕೆ ಹುಟ್ಟುತ್ತದೆ. ಕತ್ತಿಯ ಏಟಿಗೆ ಆ ಕೋಳಿ ಕೂಗುತ್ತದೆ. ಯಶೋಧರನ ಎದೆ ನಡುಗುತ್ತದೆ. ರಾಜ್ಯವನ್ನು ಮಗ ಯಶೋಮತಿಗೆ ಒಪ್ಪಿಸಿ ತಪಸ್ಸಿಗೆ ಹೋಗಬೇಕೆಂದು ಹೊರಡುವಷ್ಟರಲ್ಲಿ ಅಮೃತಮತಿಯ ವಿಷದೂಟಕ್ಕೆ ತಾಯಿ ಮಗ ಇಬ್ಬರೂ ಬಲಿಯಾಗುತ್ತಾರೆ. ನವಿಲು ನಾಯಿಗಳಾಗಿ ತೊಡಗಿದ ಭವಾವಳಿ ಮುಂದುವರಿಯುತ್ತದೆ.

ಈ ಸರಣಿಯಲ್ಲಿ ಗಮನಿಸಬೇಕಾದದ್ದು ಒಂದು ತರ್ಕ. ಕನಸು ಸುಳ್ಳಾದುದರಿಂದ ಅದಕ್ಕೆ ಕೊಟ್ಟ ಪರಿಹಾರವೂ ಸುಳ್ಳಾಗಲೇಬೇಕಾಯಿತು. ಇಲ್ಲದ ಕನಸಿಗೆ ಇಲ್ಲದ ಕೋಳಿ. ಆದರೆ ಕನಸಿನ ಹಿಂದೆ ಅಡಗಿದ್ದ ನೋವು ಸುಳ್ಳಾಗಿರಲಿಲ್ಲ. ಹಿಟ್ಟಿನ ಕೋಳಿಯ ಮೇಲೆ ಇಳಿದ ಕತ್ತಿಯ ವೇಗವೂ ಸುಳ್ಳಾಗಿರಲಿಲ್ಲ. ಮಡದಿಯ ಮೇಲೆ ಎತ್ತಿ ತಡೆದ ಕತ್ತಿಯೇ ಇಲ್ಲಿ ಇಳಿಯಿತು ಎಂದು ಓದಿದರೆ ಕಾವ್ಯಕ್ಕೆ ಅನ್ಯಾಯವಾಗದು. ಸಂಕಲ್ಪಹಿಂಸೆಯೆಂಬ ಪಾರಿಭಾಷಿಕ ಪದವನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯುವುದು ಸುಲಭ. ಸಂಕಲ್ಪವು ಎಲ್ಲಿಂದ ಹುಟ್ಟಿತೆಂದು ಕೇಳುವುದು ಕಷ್ಟ. ಜನ್ನನ ಕಾವ್ಯ ಕೇಳುವುದು ಈ ಎರಡನೆಯ ಪ್ರಶ್ನೆಯನ್ನು.

ಜೈನಾಗಮದ ಪರಿಭಾಷೆಯಲ್ಲಿ ಇದಕ್ಕೆ ಸರಿಯಾದ ಹೆಸರಿದೆ. ‘ಶಲ್ಯ’ವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂದು ಶಲ್ಯಗಳು ಮೂರು. ಶಲ್ಯವಿಲ್ಲದವನೇ ವ್ರತಿ ಎಂಬುದು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದ ನಿಲುವು. ಎಂದರೆ ವ್ರತಗಳನ್ನು ಎಣಿಸಿ ಪಾಲಿಸಿದರೂ ಒಳಗೆ ಮಾಯೆಯ ಮುಳ್ಳಿದ್ದರೆ ವ್ರತ ಪೂರ್ಣವಾಗದು. ಯಶೋಧರನು ಜೀವಬಲಿಯನ್ನು ನಿರಾಕರಿಸಿ ಅಹಿಂಸೆಯ ಹೊರ ಆಕಾರವನ್ನು ಉಳಿಸಿಕೊಂಡನು. ಮಾಯಾಶಲ್ಯವನ್ನು ಮಾತ್ರ ಕೀಳಲಿಲ್ಲ. ಕೀವುಗಟ್ಟಿದ್ದು ಅಲ್ಲಿಯೇ.

ಈ ಮುಳ್ಳನ್ನು ಕೀಳುವ ಕ್ರಮಕ್ಕೆ ‘ಆಲೋಚನೆ’ ಎಂದು ಹೆಸರು. ಇಂದಿನ ಕನ್ನಡದಲ್ಲಿ ವಿಚಾರ ಮಾಡುವುದು ಎಂಬ ಅರ್ಥಕ್ಕೆ ನಿಂತ ಈ ಪದ, ಆಚಾರಗ್ರಂಥಗಳಲ್ಲಿ ತನ್ನೊಳಗಿನದನ್ನು ಗುರುವಿನ ಮುಂದೆ ಮರೆಮಾಚದೆ ತೆರೆದಿಡುವುದು ಎಂಬ ಅರ್ಥದಲ್ಲಿ ಬಳಕೆಯಾಗಿದೆ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಿಗೆ ಹಿನ್ನೆಲೆಯಾಗಿರುವ ಶಿವಾರ್ಯರ ಪ್ರಾಕೃತ ‘ಭಗವತೀ ಆರಾಧನೆ’ ಆಲೋಚನೆಗೆ ಹತ್ತು ದೋಷಗಳನ್ನು ಹೇಳುತ್ತದೆ. ಅವುಗಳಲ್ಲಿ ಮೂರನ್ನು ಇಲ್ಲಿ ನೆನೆಯಬಹುದು. ಇತರರು ಕಂಡದ್ದನ್ನು ಮಾತ್ರ ಹೇಳಿ ಕಾಣದ್ದನ್ನು ಮುಚ್ಚುವುದು ‘ದೃಷ್ಟ’. ಇಂಥ ತಪ್ಪನ್ನು ಯಾರಾದರೂ ಮಾಡಿದರೆ ಪ್ರಾಯಶ್ಚಿತ್ತವೇನು ಎಂದು, ತನ್ನದೆಂದು ತೋರಗೊಡದೆ ಮರೆಯಲ್ಲಿ ಕೇಳುವುದು ‘ಛನ್ನ’. ಗದ್ದಲದ ನಡುವೆ, ಕೇಳುವವರಿಗೆ ಸ್ಪಷ್ಟವಾಗದಂತೆ ಹೇಳಿ ಮುಗಿಸುವುದು ‘ಶಬ್ದಾಕುಲಿತ’. ಹೇಳಿದಂತೆಯೂ ಆಗಬೇಕು, ಹೇಳದಂತೆಯೂ ಉಳಿಯಬೇಕು ಎಂಬ ಮನಸ್ಸಿನ ಉಪಾಯಗಳನ್ನು ಇಷ್ಟು ಸೂಕ್ಷ್ಮವಾಗಿ ಎಣಿಸಿದ ಗ್ರಂಥಗಳು ವಿರಳ.

ಯಶೋಧರನ ಕನಸು ‘ಛನ್ನ’ ದೋಷದ ಕಥಾರೂಪದಂತಿದೆ. ತನ್ನ ಬಾಳಿನ ಘಟನೆಯನ್ನು ಕನಸಿನ ಮರೆಯಲ್ಲಿಟ್ಟು ಅವನು ತಾಯಿಯಿಂದ ಸಮಾಧಾನ ಬಯಸುತ್ತಾನೆ. ರೋಗವನ್ನು ಮುಚ್ಚಿಟ್ಟು ಮದ್ದು ಕೇಳಿದಂತೆ. ಚಂದ್ರಮತಿಯನ್ನು ಮೂಢಭಕ್ತಿಯ ಹೆಂಗಸೆಂದು ತೀರ್ಮಾನಿಸುವ ವಿಮರ್ಶೆ ಇಲ್ಲಿ ತುಸು ನಿಲ್ಲಬೇಕು. ಅವಳ ಕೈಗೆ ಸಿಕ್ಕಿದ್ದು ಕನಸು ಮಾತ್ರ. ಕನಸಿಗೆ ಅವಳ ಲೋಕದಲ್ಲಿದ್ದ ಪರಿಹಾರವನ್ನೇ ಅವಳು ಕೊಟ್ಟಳು. ಮಗನು ನೋವನ್ನು ಕೊಟ್ಟಿದ್ದರೆ ತಾಯಿ ಏನು ಕೊಡುತ್ತಿದ್ದಳೆಂದು ಹೇಳುವ ಅವಕಾಶವನ್ನು ಕಥೆ ಅವಳಿಗೆ ಒದಗಿಸಲೇ ಇಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಸತ್ಯ ಹೇಳಿದ್ದರೆ ಅಮೃತಮತಿಯ ಪ್ರಾಣಕ್ಕೆ, ರಾಜವಂಶದ ಮಾನಕ್ಕೆ ಕುತ್ತು ಬರುತ್ತಿರಲಿಲ್ಲವೆ? ಮುಚ್ಚಿಟ್ಟದ್ದರಲ್ಲಿ ಕರುಣೆಯೂ ಇದೆಯಲ್ಲವೆ? ಈ ಮಾತಿನಲ್ಲಿ ಹುರುಳಿದೆ. ಆದರೆ ಮೌನ ಬೇರೆ, ಮಾಯೆ ಬೇರೆ. ಯಶೋಧರನು ಸುಮ್ಮನೆ ಉಳಿದಿದ್ದರೆ ಬಲಿಯ ಪ್ರಸ್ತಾಪವೇ ಏಳುತ್ತಿರಲಿಲ್ಲ. ಎಲ್ಲವನ್ನೂ ಎಲ್ಲರಿಗೂ ಹೇಳಬೇಕೆಂದು ಯಾವ ಆಚಾರ್ಯರೂ ವಿಧಿಸಿಲ್ಲ. ಆಲೋಚನೆಗೆ ಯೋಗ್ಯನಾದ ಗುರು ಬೇಕೆಂದೇ ಹೇಳಿದ್ದಾರೆ. ದೋಷವಿರುವುದು ಹೇಳದಿರುವುದರಲ್ಲಲ್ಲ, ಬೇರೊಂದನ್ನು ಕಟ್ಟಿ ಹೇಳಿದ್ದರಲ್ಲಿ.

ಎರಡನೆಯ ಆಕ್ಷೇಪ ಇನ್ನೂ ಬಲವಾದುದು. ಭಾವಕ್ಕೆ ನಿಷ್ಠೆಯೇ ದೊಡ್ಡದಾದರೆ ಅಮೃತಮತಿಯೇ ಕಾವ್ಯದ ಆದರ್ಶವಾಗಬೇಕಲ್ಲವೆ? ಅವಳು ತನ್ನ ಮನಸ್ಸು ಎಲ್ಲಿ ಸೋತಿತೋ ಅಲ್ಲಿಗೆ ಹೋದಳು. ರೂಪ, ಕುಲ, ಪದವಿ ಯಾವುದನ್ನೂ ಲೆಕ್ಕಿಸಲಿಲ್ಲ. ಆಧುನಿಕ ಓದುಗನ ಅನುಕಂಪ ಅವಳ ಕಡೆಗೆ ಹರಿಯಲು ಇದೇ ಕಾರಣ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕ ಈ ಕಥೆಯನ್ನು ಮತ್ತೆ ಕೈಗೆತ್ತಿಕೊಂಡಾಗಲೂ ರಾಣಿಯ ಮನಸ್ಸಿಗೆ ದೊಡ್ಡ ಸ್ಥಾನ ದೊರೆಯಿತು. ಆದರೆ ಅಮೃತಮತಿಯ ಕೊನೆಯ ಅಸ್ತ್ರ ವಿಷ ಬೆರೆಸಿದ ಊಟ. ಅನ್ನದ ರೂಪದಲ್ಲಿ ಸಾವನ್ನು ಬಡಿಸುವುದು ಕನಸಿನ ರೂಪದಲ್ಲಿ ನೋವನ್ನು ಹೇಳುವುದಕ್ಕಿಂತ ಘೋರವಾದ ಮಾಯೆ. ಭಾವವನ್ನು ಅರಿಯುವುದು ಒಂದು, ಭಾವಕ್ಕೆ ಆಳಾಗುವುದು ಇನ್ನೊಂದು. ಯಶೋಧರನಲ್ಲಿ ಸಂಯಮವಿತ್ತು, ಒಪ್ಪಿಗೆಯಿರಲಿಲ್ಲ. ಅಮೃತಮತಿಯಲ್ಲಿ ಒಪ್ಪಿಗೆಯಿತ್ತು, ಸಂಯಮವಿರಲಿಲ್ಲ. ಒಂದಿಲ್ಲದೆ ಇನ್ನೊಂದು ಎಷ್ಟು ಅಪಾಯಕಾರಿಯೆಂಬುದನ್ನು ಜನ್ನನು ಗಂಡಹೆಂಡಿರಿಬ್ಬರಲ್ಲೂ ತೋರಿಸಿದ್ದಾನೆ.

ಎರಡೂ ಕೂಡುವುದು ಅಭಯರುಚಿಯಲ್ಲಿ. ಚಂಡಮಾರಿಯ ಗುಡಿಯಲ್ಲಿ ಮಾರಿದತ್ತನ ಕತ್ತಿಯ ಮುಂದೆ ತಂಗಿ ಅಭಯಮತಿಯೊಡನೆ ನಿಂತ ಆ ಬಾಲಕ, ತಾನೇ ಹಿಂದೆ ಯಶೋಧರನಾಗಿದ್ದವನು, ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಯಶೋಧರನು ತಾಯಿಗೂ ಹೇಳಲಾರದೆ ಹೋದುದನ್ನು ಅಭಯರುಚಿ ಅಪರಿಚಿತನಾದ ಕೊಲೆಗಡುಕ ಅರಸನ ಮುಂದೆ ಹೇಳುತ್ತಾನೆ: ಮಡದಿ ಮಾವುತನ ಬಳಿಗೆ ಹೋದುದನ್ನು, ತಾನು ಕತ್ತಿ ಎತ್ತಿದುದನ್ನು, ಕನಸು ಕಟ್ಟಿದುದನ್ನು, ಕೋಳಿ ಕೂಗಿದುದನ್ನು. ದೂರಿಲ್ಲ, ನಾಚಿಕೆಯಿಲ್ಲ, ಪ್ರಾಣಭಿಕ್ಷೆಯೂ ಇಲ್ಲ. ಕಥೆ ಮುಗಿಯುವಷ್ಟರಲ್ಲಿ ಮಾರಿದತ್ತನ ಮನಸ್ಸು ತಿರುಗಿರುತ್ತದೆ. ಕಟ್ಟಿದ ಕನಸು ಬಲಿಯನ್ನು ಹುಟ್ಟಿಸಿತು. ಮುಚ್ಚುಮರೆಯಿಲ್ಲದ ಕಥೆ ಬಲಿಯನ್ನು ನಿಲ್ಲಿಸಿತು. ಎರಡೂ ಕಲ್ಪನೆಗೆ, ಮಾತಿಗೆ ಸೇರಿದ ಕೆಲಸಗಳೇ. ಸೃಜನಶೀಲತೆ ಎಲ್ಲಿ ಮುಸುಕಾಗುತ್ತದೆ, ಎಲ್ಲಿ ಬಿಡುಗಡೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮೀಮಾಂಸೆಯನ್ನು ಬೇರೆಲ್ಲೋ ಅರಸಬೇಕಿಲ್ಲ.

ಕವಿಯ ಕೆಲಸವನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ಕಥೆ ಜನ್ನನ ಸ್ವಂತದ್ದಲ್ಲ. ಸೋಮದೇವಸೂರಿಯ ‘ಯಶಸ್ತಿಲಕ’ (959), ಮಾನ್ಯಖೇಟದ ಪುಷ್ಪದಂತನ ಅಪಭ್ರಂಶ ಕಾವ್ಯ, ವಾದಿರಾಜನ ಸಂಸ್ಕೃತ ಕಾವ್ಯ ಇವೆಲ್ಲ ಅವನಿಗಿಂತ ಹಿಂದಿನವು. ಜನ್ನನು ಹೆಚ್ಚಾಗಿ ವಾದಿರಾಜನ ಜಾಡಿನಲ್ಲಿ ನಡೆದವನು. ಆದರೂ ನಾಲ್ಕು ಅವತಾರಗಳ, ಮುನ್ನೂರಕ್ಕೆ ತುಸು ಮಿಕ್ಕ ಪದ್ಯಗಳ ಈ ಪುಟ್ಟ ಕಾವ್ಯ ಕನ್ನಡದಲ್ಲಿ ಹೊಸದಾಗಿ ಹುಟ್ಟಿದಂತಿದೆ. ಅಮೃತಮತಿಯನ್ನು ಧರ್ಮ ಖಂಡಿಸುತ್ತದೆಂದು ತಿಳಿದೂ, ಅವಳ ಸೋಲಿನ ಕ್ಷಣವನ್ನು ಕವಿ ಚಪ್ಪಟೆಗೊಳಿಸಲಿಲ್ಲ. ತತ್ತ್ವಕ್ಕೆ ಅನುಕೂಲವಾಗಲೆಂದು ಭಾವವನ್ನು ಕುಗ್ಗಿಸಿ ಹೇಳಿದ್ದರೆ ಅದೂ ಒಂದು ‘ಛನ್ನ’ವಾಗುತ್ತಿತ್ತು. ಇಪ್ಪತ್ತೊಂದು ವರ್ಷಗಳ ಬಳಿಕ, 1230ರ ‘ಅನಂತನಾಥ ಪುರಾಣ’ದಲ್ಲಿ, ಗೆಳೆಯನ ಮಡದಿ ಸುನಂದೆಗೆ ಮನಸೋತ ಚಂಡಶಾಸನನ ಪ್ರಸಂಗದಲ್ಲಿ ಅದೇ ಕವಿ ಮತ್ತೆ ಅದೇ ಪ್ರಶ್ನೆಯ ಬಳಿಗೆ ಬರುತ್ತಾನೆ. ತನ್ನನ್ನು ಕಾಡಿದ್ದನ್ನು ಕಾಡಿತೆಂದು ಒಪ್ಪಿಕೊಂಡ ಕವಿಯ ಲಕ್ಷಣವಿದು.

ಇಷ್ಟೆಲ್ಲ ಹೇಳಿದ್ದು ಹಳಗನ್ನಡ ಕಾವ್ಯವೊಂದಕ್ಕೆ ಹೊಸ ವ್ಯಾಖ್ಯಾನ ಕಟ್ಟಲು ಮಾತ್ರವಲ್ಲ. ಈ ಕಾವ್ಯವನ್ನು ಓದುವ ತರಗತಿಗಳಲ್ಲೇ ‘ಛನ್ನ’ ಬೆಳೆಯುತ್ತಿದೆ. ಪದ್ಯವೊಂದು ತನಗೆ ಹಿಡಿಸಲಿಲ್ಲವೆಂದಾಗಲಿ, ಅರ್ಥವಾಗಲಿಲ್ಲವೆಂದಾಗಲಿ ಬರೆಯುವ ಧೈರ್ಯ ವಿದ್ಯಾರ್ಥಿಗೆ ಇಲ್ಲ. ಗೈಡಿನ ಉತ್ತರವನ್ನು ತನ್ನದೆಂಬಂತೆ ಬರೆದರೆ ಅಂಕ ಬರುತ್ತದೆ. ಪರೀಕ್ಷಕರು ಕಾಣಬಯಸುವುದನ್ನಷ್ಟೇ ಹೇಳುವ ಈ ಅಭ್ಯಾಸ ‘ದೃಷ್ಟ’ ದೋಷವಲ್ಲದೆ ಮತ್ತೇನು? ಸಂಶೋಧನ ಪ್ರಬಂಧಗಳಲ್ಲಿ ಉಲ್ಲೇಖಗಳ, ಪರಿಭಾಷೆಗಳ ಗದ್ದಲದ ನಡುವೆ ಸಂಶೋಧಕನ ಸ್ವಂತ ಸಂದೇಹ ಕೇಳಿಸದಂತಾಗುವುದು ‘ಶಬ್ದಾಕುಲಿತ’. ತಪ್ಪು ವಿದ್ಯಾರ್ಥಿಯದು ಮಾತ್ರವಲ್ಲ. ಚಂದ್ರಮತಿಗೆ ಕನಸನ್ನು ಹೇಳಿದ ಮಗನಂತೆ, ನಿಜವನ್ನು ಕೇಳುವ ಕಿವಿ ಎದುರಿಗಿಲ್ಲವೆಂದು ಅವನು ಮೊದಲೇ ತೀರ್ಮಾನಿಸಿರುತ್ತಾನೆ. ಹಾಗೆ ತೀರ್ಮಾನಿಸಲು ತರಗತಿಯೇ ಕಾರಣ ಒದಗಿಸಿರುತ್ತದೆ.

ಮನೆಗಳಲ್ಲಿಯೂ ಇದೇ ಕಥೆ. ನೊಂದವರು ನೊಂದೆನೆನ್ನುವುದಿಲ್ಲ, ತಲೆನೋವೆನ್ನುತ್ತಾರೆ. ಸೋತವರು ಸೋತೆನೆನ್ನುವುದಿಲ್ಲ, ಗ್ರಹಚಾರವೆನ್ನುತ್ತಾರೆ. ತಲೆನೋವಿಗೆ ಗುಳಿಗೆ, ಗ್ರಹಚಾರಕ್ಕೆ ಶಾಂತಿ ತಪ್ಪದೆ ದೊರೆಯುತ್ತವೆ. ಒಳಗಿನ ಮುಳ್ಳು ಇದ್ದಲ್ಲೇ ಇರುತ್ತದೆ. ಬೆಳಗು ಬೈಗಿನ ಪ್ರತಿಕ್ರಮಣವನ್ನು ಆವಶ್ಯಕಗಳಲ್ಲಿ ಒಂದಾಗಿ ಇರಿಸಿದ ಪರಂಪರೆಯ ವಿವೇಕ ಇಲ್ಲಿದೆ. ತನ್ನನ್ನು ತಾನು ನೋಡಿಕೊಳ್ಳುವುದು ವರ್ಷಕ್ಕೊಮ್ಮೆಯ ಉತ್ಸವವಲ್ಲ, ದಿನದಿನದ ಕೆಲಸ. ಪಾಠವನ್ನು ಬಾಯಿಪಾಠವಾಗಿ ಒಪ್ಪಿಸಿದರೆ ಅದೂ ಹಿಟ್ಟಿನ ಕೋಳಿಯೇ. ಇಂದು ಕೋಪ ಬಂದಿತ್ತು, ಅಸೂಯೆ ಬಂದಿತ್ತು, ಅಳು ಬಂದಿತ್ತು ಎಂದು ತನ್ನ ಮಾತಿನಲ್ಲಿ ತನಗೇ ಹೇಳಿಕೊಳ್ಳುವುದು ಅದರ ಜೀವ. ಆತ್ಮಸ್ವೀಕಾರವೆಂಬ ಇಂದಿನ ಮಾತಿಗೆ ಅರ್ಥ ಬರುವುದೂ ಅಲ್ಲಿಯೇ. ತನ್ನನ್ನು ತಾನು ಕ್ಷಮಿಸಿ ಸುಮ್ಮನಾಗುವುದರಲ್ಲಲ್ಲ, ಇದ್ದುದನ್ನು ಇದ್ದಂತೆ ಕಂಡು ತಿದ್ದಿಕೊಳ್ಳುವುದರಲ್ಲಿ.

‘ಯಶೋಧರ ಚರಿತೆ’ಯಲ್ಲಿ ಕೋಳಿಯ ಕೂಗು ಎರಡು ಬಾರಿ ಕೇಳುತ್ತದೆ. ಮೊದಲನೆಯದು ಹಿಟ್ಟಿನ ಕೋಳಿಯದು. ಎರಡನೆಯದು, ಕೋಳಿಗಳಾಗಿಯೇ ಹುಟ್ಟಿದ ತಾಯಿಮಗ ಅಕಂಪನ ಮುನಿಯ ಉಪದೇಶ ಕೇಳಿ ಹರ್ಷದಿಂದ ಕೂಗಿದ್ದು. ಆ ಕೂಗನ್ನೇ ಗುರಿಯಾಗಿಸಿ ಯಶೋಮತಿ ಬಿಟ್ಟ ಬಾಣಕ್ಕೆ ಅವು ಸಾಯುತ್ತವೆ. ಸತ್ತು ಅಭಯರುಚಿ ಅಭಯಮತಿಯರಾಗಿ ಹುಟ್ಟುತ್ತವೆ. ನಿಜದ ಕೂಗಿಗೂ ಬೆಲೆ ತೆರಬೇಕಾಯಿತು. ಆದರೆ ಆ ಬೆಲೆಯಿಂದ ದೊರೆತದ್ದು ಮನುಷ್ಯಜನ್ಮ, ಮತ್ತು ತನ್ನ ಕಥೆಯನ್ನು ತಾನೇ ಹೇಳಬಲ್ಲ ನಾಲಗೆ. ಜನ್ನನನ್ನು ಪಾಠ ಹೇಳುವವರೂ ಓದುವವರೂ ಪದ್ಯಗಳ ಅನ್ವಯ, ಅಲಂಕಾರಗಳನ್ನು ಮುಗಿಸಿದ ಮೇಲೆ ಈ ಎರಡು ಕೂಗುಗಳ ಅಂತರವನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಆ ಅಂತರ ತಿಳಿದ ವಿದ್ಯಾರ್ಥಿ ಬರೆಯುವ ಉತ್ತರದಲ್ಲಿ ಕಾಗುಣಿತದ ತಪ್ಪಿರಬಹುದು. ಅದು ಅವನದೇ ಉತ್ತರವಾಗಿರುತ್ತದೆ.