ದನದ ಗೋಧಿ ಅಂತ ಬದಿಗಿಡೋದು ಬೇಡ

“ಸಾರ್, ಇದು ದನಕ್ಕೆ ಹಾಕೋದಲ್ವಾ?” ಹತ್ತನೇ ತರಗತಿಯಲ್ಲಿ ಹೊಟ್ಟು ಸಮೇತ ಇದ್ದ ಸಾಂಬಾ ಗೋಧಿ ತೋರಿಸಿದಾಗ ಒಬ್ಬ ಹುಡುಗ ಕೇಳಿದ. ಅವನ ಮಾತು ಪೂರ್ತಿ ತಪ್ಪಲ್ಲ. ಉತ್ತರ ಕರ್ನಾಟಕದವರು ಜವೆ, ಸದಕ ಎಂದು ಕರೆಯುವ, ಮಹಾರಾಷ್ಟ್ರದಲ್ಲಿ ಖಪ್ಲಿ ಎನ್ನುವ ಈ ಗೋಧಿ ಒಕ್ಕಿದರೂ ಹೊಟ್ಟು ಬಿಡೋದಿಲ್ಲ, ಮತ್ತೆ ಕುಟ್ಟಬೇಕು. ಮನುಷ್ಯರಿಗೆ ಅದು ರಗಳೆ, ದನಕ್ಕೆ ಅಲ್ಲ. ನಮ್ಮಲ್ಲಿ ಇದು ಹುಗ್ಗಿ, ಉಪ್ಪಿಟ್ಟಿಗೆ ಬಂದರೆ, ಅಮೆರಿಕದ ಡಕೋಟಾ ಸೀಮೆಯಲ್ಲಿ ಇದೇ ಜಾತಿಯ ಎಮ್ಮರ್ ಗೋಧಿಯನ್ನು ಮೇವಿಗೆಂದೇ ಬೆಳೆಯುತ್ತಿದ್ದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1916ರಲ್ಲಿ ಕಾಂಡದ ತುಕ್ಕು ರೋಗ ಅಲ್ಲಿನ ರೊಟ್ಟಿ ಗೋಧಿಯನ್ನು ನೆಲಕಚ್ಚಿಸಿತು. ಎಡ್ಗರ್ ಮೆಕ್‌ಫ್ಯಾಡನ್ ಎಂಬ ಕಾಲೇಜು ವಿದ್ಯಾರ್ಥಿ, ರೋಗ ತಡೆಯುವ ಎಮ್ಮರನ್ನು ರೊಟ್ಟಿ ಗೋಧಿಯ ಜೊತೆ ಸಂಕರ ಮಾಡಿದ. ಒಂದರಲ್ಲಿ 28 ವರ್ಣತಂತು, ಇನ್ನೊಂದರಲ್ಲಿ 42. ಸಂತಾನ ಬಹುಪಾಲು ಬಂಜೆ. ಆದರೂ ಬಿಡದೆ ‘ಹೋಪ್’ ಎಂಬ ತಳಿ ತೆಗೆದ. ಅದರ ಎಸ್‌ಆರ್2 ಜೀನ್ ಇಂದು ಲೋಕದ ಎಷ್ಟೋ ಗೋಧಿ ತಳಿಗಳಲ್ಲಿದೆ.

ಇದು ನಮ್ಮ ಬೆಟ್ಟಕ್ಕೂ ಸೇರಿದ ಪಾಠ. ಬಯಲಿನ ಬೇಸಿಗೆಯಲ್ಲಿ ಸಾಯುವ ತುಕ್ಕು ಶಿಲೀಂಧ್ರ ನೀಲಗಿರಿ, ಪಳನಿಯ ತಂಪಿನಲ್ಲಿ ಉಳಿದು, ಗಾಳಿಯಲ್ಲಿ ಬಯಲಿಗೆ ಇಳಿಯುತ್ತದೆ ಎಂದು ತೋರಿಸಿದವರು ಕೆ. ಸಿ. ಮೆಹ್ತಾ. ಅದಕ್ಕೇ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಕೂನೂರಿನ ಪಕ್ಕ ವೆಲ್ಲಿಂಗ್ಟನ್‌ನಲ್ಲಿ ಕೇಂದ್ರ ಇಟ್ಟು ಗೋಧಿಗೆ ರೋಗದ ಪರೀಕ್ಷೆ ಮಾಡುತ್ತದೆ. ‘ನೀಲಗಿರಿ ಖಪ್ಲಿ’ ತಳಿ ಬಂದದ್ದೂ ಅಲ್ಲಿಂದಲೇ. ನಮ್ಮ ಮಕ್ಕಳು ಬಸ್ಸಿನಲ್ಲಿ ಆ ದಾರಿ ಹಾದುಹೋಗುತ್ತಾರೆ, ಆದರೆ ಅನುವಂಶೀಯತೆ ಎಂದರೆ ಅವರಿಗೆ ಬಟಾಣಿ ಗಿಡ ಮಾತ್ರ.

“ಇಳುವರಿ ಕಮ್ಮಿ, ಬೀಜ ಬೀಜಕೋಶದಲ್ಲಿದೆ, ಸಾಕಲ್ವಾ?” ಎನ್ನುವವರಿದ್ದಾರೆ. ಇಳುವರಿ ಕಮ್ಮಿ ನಿಜ. ಟೀ, ಕ್ಯಾರೆಟ್ ಬಿಟ್ಟು ಇದನ್ನೇ ಬೆಳೆಯಿರಿ ಎಂದು ರೈತರಿಗೆ ಹೇಳುವ ಹಕ್ಕು ನಮಗಿಲ್ಲ. ಆದರೆ ಶಿಲೀಂಧ್ರ ಸುಮ್ಮನಿರೋದಿಲ್ಲ. 1998ರಲ್ಲಿ ಉಗಾಂಡಾದಲ್ಲಿ ಕಂಡ ಯುಜಿ99 ಅನೇಕ ಹಳೆಯ ಜೀನ್‌ಗಳನ್ನು ಸೋಲಿಸಿತು. ಶೀತಲಕೋಣೆಯ ಬೀಜಕ್ಕೆ ಹೊಸ ರೋಗದ ಪರಿಚಯವೇ ಆಗೋದಿಲ್ಲ, ಹೊಲದ ಬೀಜಕ್ಕೆ ಆಗುತ್ತದೆ.

ಆದ್ದರಿಂದ ನನ್ನ ಸಲಹೆ ಸಣ್ಣದು. ಪ್ರತಿ ಶಾಲೆಯಲ್ಲೂ ಎರಡು ಮಡಿ ಮಾಡೋಣ, ಒಂದರಲ್ಲಿ ಸಾಂಬಾ, ಇನ್ನೊಂದರಲ್ಲಿ ಸಾಮಾನ್ಯ ಗೋಧಿ. ಎಲೆಯ ಮೇಲಿನ ತುಕ್ಕನ್ನು ಮಕ್ಕಳು ಭೂತಗನ್ನಡಿಯಲ್ಲಿ ನೋಡಿ ಎಣಿಸಲಿ. ಕೊಯ್ದ ತೆನೆಯನ್ನು ತಾವೇ ಕುಟ್ಟಲಿ. ಮೇವು ಅನ್ನೋದು ಒಂದು ಬೆಳೆಯ ಉಪಯೋಗ, ಅದರ ಯೋಗ್ಯತೆ ಅಲ್ಲ. ಅಷ್ಟು ಗೊತ್ತಾದರೆ ಆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ.